ಆಟ ನಡೆಸುವವರ ನೋಟ್‌ಬುಕ್‌ನಲ್ಲಿ ಪದ್ಯ ಇರಲಿ, ಅರ್ಥ ಬೇಡ

ಮಾನ್ಯ ಸಂಪಾದಕರೇ,

ಪರೀಕ್ಷೆ ಮುಗಿದು ರಜೆ ಬಂತೆಂದರೆ ಕಾಲೇಜು ಹುಡುಗ ಹುಡುಗಿಯರಲ್ಲಿ ಒಂದಷ್ಟು ಜನ ಮೇಜಿನ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಶುರುಮಾಡುತ್ತಾರೆ. ಈ ಆಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಇಪ್ಪತ್ತು ಮುಖದ ದಾಳ, ಬಣ್ಣ ಬಳಿದ ಗೊಂಬೆ, ನಕ್ಷೆಯ ಚಿತ್ರ ಇರುತ್ತವೆ. ಆಟ ನಡೆಸುವ ಗೇಮ್ ಮಾಸ್ಟರ್ ಏನನ್ನು ಬರೆದುಕೊಳ್ಳಬೇಕು, ಬರೆದದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಮಾತು ಇರುವುದಿಲ್ಲ. ಉತ್ಸಾಹದಿಂದ ಶುರುವಾದ ಆಟ ನಾಲ್ಕನೇ ವಾರಕ್ಕೆ ನಿಂತುಹೋಗುವುದು ಬಹುಪಾಲು ಅದೇ ಕಾರಣಕ್ಕೆ. ಹೋದ ವಾರ ಯಾರಿಗೆ ಏನು ಮಾತು ಕೊಟ್ಟೆವು ಎಂಬುದು ಆಡುವವರಿಗೂ ನೆನಪಿರುವುದಿಲ್ಲ, ಆಡಿಸುವವರಿಗೂ ಸಿಗುವುದಿಲ್ಲ. ಅದಕ್ಕಾಗಿ ಈ ಪತ್ರ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಇದು ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ರೂಪಿಸಿದವರು. ನಾಲ್ಕೈದು ಜನ ತಲಾ ಒಂದು ಪಾತ್ರ ವಹಿಸಿ, ಅದು ಏನು ಮಾಡುತ್ತದೆ ಎಂದು ಬಾಯಲ್ಲೇ ಹೇಳುತ್ತಾರೆ, ಅದು ಕೈಗೂಡಿತೇ ಎಂಬುದನ್ನು ದಾಳ ಹೇಳುತ್ತದೆ. ಉಳಿದ ಊರು, ಕಾಡು, ಶತ್ರು, ಮಳೆ, ಸಂತೆ ಎಲ್ಲವೂ ಗೇಮ್ ಮಾಸ್ಟರ್ ಪಾಲಿಗೆ. 2023ರ ಜನವರಿಯಲ್ಲಿ ಇದರ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಪ್ರಕಾಶಕರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ. ಮೂಲವನ್ನು ನಮೂದಿಸಿದರೆ ಸಾಕು, ಅವನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಕನ್ನಡದಲ್ಲೇ ಆಡಿಸುವವರು ಹೆಚ್ಚಬೇಕು ಎಂಬುದು ನಮ್ಮ ಆಸೆ, ಕನ್ನಡದಲ್ಲೇ ನೋಟ್ಸ್ ಇಡುವುದು ಅದರ ಮೊದಲ ಮೆಟ್ಟಿಲು.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಮುಂದಿನ ವಾರದ ಆಟವನ್ನು ಕಥೆಯ ಹಾಗೆ ಬರೆದುಕೊಂಡು ಬರುವುದು. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರ ಮುಂದಿರುವ ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ. ಅರ್ಥಧಾರಿಯ ಮಾತು ಎದುರಾಳಿಯ ಮಾತಿಗೆ ತಕ್ಕಂತೆ ಅಲ್ಲೇ ಹುಟ್ಟಬೇಕು. ಅರ್ಥವನ್ನೂ ಮನೆಯಲ್ಲಿ ಬರೆದು ಉರುಹೊಡೆದು ಬಂದವರು ಎದುರಿನವರು ಬೇರೆ ದಾರಿ ಹಿಡಿದ ಕೂಡಲೇ ತಡವರಿಸುತ್ತಾರೆ. ಗೇಮ್ ಮಾಸ್ಟರ್ ಗತಿಯೂ ಅದೇ. ಒಂದೇ ವ್ಯತ್ಯಾಸ: ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಈ ಆಟದ ಕೊನೆ ಯಾರಿಗೂ ಗೊತ್ತಿರಬಾರದು. ಆದ್ದರಿಂದ ಕೊನೆಯ ಪದ್ಯವನ್ನಂತೂ ಬರೆದಿಡಲೇಬಾರದು.

ಉದಾಹರಣೆಗೆ ಕೆರೆಯ ನೀರು ಕಳುವಾಗುತ್ತಿರುವ ಒಂದು ಊರಿನಲ್ಲಿ ಆಟ ಎಂದುಕೊಳ್ಳಿ. ಕೆಟ್ಟ ನೋಟ್ಸ್ ಹೀಗಿರುತ್ತದೆ: “ಆಟಗಾರರು ಊರಿಗೆ ಬಂದಾಗ ಪಟೇಲರು ಮನೆಗೆ ಕರೆದು ಊಟ ಹಾಕಿ ನೀರಗಂಟಿ ಕಾಣೆಯಾದ ಸುದ್ದಿ ಹೇಳುತ್ತಾರೆ. ಎಲ್ಲರೂ ತೂಬಿನ ಬಳಿಗೆ ಹೋಗುತ್ತಾರೆ.” ಆಟಗಾರರು ಪಟೇಲರ ಮನೆಗೆ ಹೋಗದೆ ಸಂತೆಗೆ ಹೋದರೆ ಈ ಎರಡು ಸಾಲೂ ದಂಡ. ಒಳ್ಳೆಯ ನೋಟ್ಸ್ ಹೀಗಿರುತ್ತದೆ: “ಪಟೇಲ ಸಿದ್ದಪ್ಪ: ತೂಬಿನ ಬೀಗದ ಕೈ ಇವನ ಉಡಿದಾರದಲ್ಲಿದೆ. ರಾತ್ರಿ ನೀರು ತಿರುಗಿಸುತ್ತಿರುವುದು ಹೊರಬೀಳಬಾರದು. ನೀರಗಂಟಿ ಹನುಮ: ಬದುಕಿದ್ದಾನೆ, ಏರಿಯ ಕೆಳಗಿನ ಹಾಳು ಗುಡಿಯಲ್ಲಿ ನಾಲ್ಕು ಗಾಬ್ಲಿನ್‌ಗಳ ಕೈಯಲ್ಲಿದ್ದಾನೆ. ಏರಿ: ಮೂರು ಕಡೆ ಜಿನುಗುತ್ತಿದೆ, ಆರು ದಿನ ತಡೆದೀತು.” (ಗಾಬ್ಲಿನ್ ಎಂದರೆ ಈ ಆಟದ ಕುಳ್ಳ ರಾಕ್ಷಸ.) ಇಲ್ಲಿ ಆಟಗಾರರು ಏನು ಮಾಡುತ್ತಾರೆ ಎಂಬ ಒಂದು ಮಾತೂ ಇಲ್ಲ. ಯಾರು ಎಲ್ಲಿದ್ದಾರೆ, ಏನು ಬಯಸುತ್ತಾರೆ, ಯಾರೂ ಕೈ ಹಾಕದಿದ್ದರೆ ಏನಾಗುತ್ತದೆ ಎಂಬುದಷ್ಟೇ ಇದೆ. ಆಟಗಾರರು ಯಾವ ದಾರಿ ಹಿಡಿದರೂ ಇದು ಕೆಲಸಕ್ಕೆ ಬರುತ್ತದೆ. ಬರೆದ ಮೇಲೆ ಒಮ್ಮೆ ಓದಿ ನೋಡಿ. “ಆಟಗಾರರು” ಎಂಬ ಪದದಿಂದ ಶುರುವಾಗುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿ.

ಮೂರು ನಾಲ್ಕು ಗಂಟೆಯ ಒಂದು ಸೆಷನ್‌ಗೆ ಎ4 ಹಾಳೆಯ ಒಂದು ಮಗ್ಗುಲು ಸಾಕು. ಎರಡನೇ ಮಗ್ಗುಲಿಗೆ ಹೋಯಿತೆಂದರೆ ಆಟದ ನಡುವೆ ಹಾಳೆ ತಿರುವುತ್ತಾ ಕೂರಬೇಕಾಗುತ್ತದೆ. ಬೇಕಾದದ್ದು ಐದು ಸೆಕೆಂಡಿನಲ್ಲಿ ಕಣ್ಣಿಗೆ ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ. ಹಾಳೆಯ ತಲೆಯ ಮೇಲೆ ಆಟದ ಲೋಕದ ತಿಥಿ, ಅದರ ಕೆಳಗೆ ಮೊದಲ ದೃಶ್ಯ ಒಂದೇ ವಾಕ್ಯದಲ್ಲಿ. ಆ ವಾಕ್ಯದಲ್ಲಿ ಆಗಲೇ ಏನೋ ನಡೆಯುತ್ತಿರಬೇಕು. “ನೀವು ಛತ್ರದಲ್ಲಿ ಕೂತಿದ್ದೀರಿ” ಎಂದು ಶುರುಮಾಡಿದರೆ ಅರ್ಧ ಗಂಟೆ ಯಾರೂ ಏಳುವುದಿಲ್ಲ. “ಏರಿಯ ಮೇಲಿಂದ ಯಾರೋ ತಮಟೆ ಬಡಿಯುತ್ತಿದ್ದಾರೆ, ಊರೆಲ್ಲ ಓಡುತ್ತಿದೆ” ಎಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಆಮೇಲೆ ಮೂರು ಜಾಗ, ಪ್ರತಿ ಜಾಗಕ್ಕೆ ಮೂರೇ ವಿವರ: ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು. ಹಾಳು ಗುಡಿಗೆ “ಬಾವಲಿ, ತೊಟ್ಟಿಕ್ಕುವ ನೀರು, ಹಳೇ ಎಣ್ಣೆ” ಎಂದಿದ್ದರೆ ಉಳಿದದ್ದು ಬಾಯಲ್ಲಿ ಬರುತ್ತದೆ.

ಹಾಳೆಯ ನಡುಭಾಗ ಗುಟ್ಟುಗಳಿಗೆ ಮೀಸಲು. ಹತ್ತು ಗುಟ್ಟು, ಒಂದೊಂದೂ ಒಂದು ಸಾಲು. ಈ ಪದ್ಧತಿಯನ್ನು ಬಳಕೆಗೆ ತಂದವರು ಮೈಕ್ ಶಿಯಾ ಎಂಬ ಅಮೆರಿಕದ ಲೇಖಕ, ನಮ್ಮ ಎಣಿಕೆಯಲ್ಲಿ ಗೇಮ್ ಮಾಸ್ಟರ್‌ಗಳಿಗೆ ಇಷ್ಟು ಉಪಕಾರ ಮಾಡಿದ ಸಲಹೆ ಇನ್ನೊಂದಿಲ್ಲ. ಇದರ ಮರ್ಮ ಇಷ್ಟು: ಗುಟ್ಟನ್ನು ಬರೆಯಿರಿ, ಅದು ಯಾರ ಬಾಯಿಂದ, ಎಲ್ಲಿ ಹೊರಡುತ್ತದೆ ಎಂದು ಬರೆಯಬೇಡಿ. “ಅಮಾವಾಸ್ಯೆ ರಾತ್ರಿ ಏರಿಯ ಮೇಲೆ ಲಾಂದ್ರ ಓಡಾಡಿತ್ತು” ಎಂಬುದನ್ನು ದನಗಾಹಿ ಹುಡುಗ ಹೇಳಬಹುದು, ಸಂತೆಯ ಬಳೆಗಾರ ಹೇಳಬಹುದು, ಆಟಗಾರರು ಯಾರನ್ನು ಮಾತಾಡಿಸಿದರೋ ಅವರೇ ಹೇಳಲಿ. ಹೊರಬಿದ್ದ ಗುಟ್ಟಿಗೆ ಟಿಕ್ ಹಾಕಿ ಪಕ್ಕದಲ್ಲಿ ದಿನಾಂಕ ಬರೆಯಿರಿ. ಹತ್ತರಲ್ಲಿ ನಾಲ್ಕೈದು ಹೊರಬಿದ್ದರೆ ಹೆಚ್ಚು. ಉಳಿದವನ್ನು ಮುಂದಿನ ಹಾಳೆಗೆ ಹಾಗೇ ಎತ್ತಿಕೊಳ್ಳಬೇಡಿ, ಇನ್ನೂ ಹೊಂದುತ್ತದೆಯೇ ಎಂದು ಒಂದೊಂದನ್ನೂ ನೋಡಿ. ಮೇಜಿನ ಮೇಲೆ ಬಾಯಿಬಿಟ್ಟು ಹೇಳುವವರೆಗೆ ಯಾವ ಗುಟ್ಟೂ ನಿಜವಲ್ಲ, ಬದಲಿಸಲು ಸ್ವಾತಂತ್ರ್ಯವಿದೆ. ಹೇಳಿದ ಮೇಲೆ ಬದಲಿಸಿದರೆ ಅದು ಆಟಗಾರರಿಗೆ ಮಾಡುವ ಮೋಸ.

ಪತ್ತೇದಾರಿಯ ಎಳೆ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಆಟಗಾರರು ತಲುಪಬೇಕಾದ ಪ್ರತಿ ತೀರ್ಮಾನಕ್ಕೂ ಕಡಿಮೆಯೆಂದರೆ ಮೂರು ಸುಳಿವು ಬರೆದಿಟ್ಟಿರಬೇಕು. ಜಸ್ಟಿನ್ ಅಲೆಗ್ಸಾಂಡರ್ ಎಂಬವರು ಹೇಳಿದ ನಿಯಮವಿದು. ಒಂದು ಸುಳಿವು ಅವರ ಕಣ್ಣಿಗೆ ಬೀಳುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ, ಮೂರನೆಯದು ಕೈಹಿಡಿಯುತ್ತದೆ. ಪಟೇಲನೇ ಕಳ್ಳ ಎಂಬುದಕ್ಕೆ ಅವನ ಪಂಚೆಯ ಸೊಂಟದ ಬಳಿಯ ತುಕ್ಕಿನ ಕಲೆ ಒಂದು, ಬರಗಾಲದಲ್ಲೂ ಹಸಿರಾಗಿರುವ ಅವನ ಅಡಿಕೆ ತೋಟ ಒಂದು, ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ಕಿತ್ತುಹೋದ ಹಾಳೆ ಒಂದು. ಬರೆಯುವಾಗ ಮೂರನ್ನೂ ಒಂದೇ ಜಾಗದಲ್ಲಿ ಇಟ್ಟರೆ ಅದು ಒಂದೇ ಸುಳಿವಿನ ಲೆಕ್ಕ. ಆ ಜಾಗಕ್ಕೆ ಆಟಗಾರರು ಹೋಗದಿದ್ದರೆ ಮೂರೂ ಹೋದವು.

ಇನ್ನು ಹೆಸರುಗಳು. ಆಟದಲ್ಲಿ ಅತಿ ಹೆಚ್ಚು ಕಳೆದುಹೋಗುವ ವಸ್ತು ಇದು. ಆಟಗಾರರು ಅಂಬಿಗನ ಹೆಸರು ಕೇಳುತ್ತಾರೆ, ಬಾಯಿಗೆ ಬಂದದ್ದು ಹೇಳಿರುತ್ತೀರಿ, ಎರಡು ವಾರ ಕಳೆದು ಅವರು ಮತ್ತೆ ಅವನನ್ನೇ ಹುಡುಕಿಕೊಂಡು ಬಂದಾಗ ಹೆಸರು ಮರೆತಿರುತ್ತದೆ. ಹಾಳೆಯ ಅಂಚಿನಲ್ಲಿ ಯಾರಿಗೂ ಇಡದ ಹತ್ತು ಹೆಸರು ಮೊದಲೇ ಬರೆದಿರಿ. ಬಳಸಿದ ಕೂಡಲೇ ಮೇಲೆ ಗೆರೆ ಎಳೆದು ಪಕ್ಕದಲ್ಲಿ “ಅಂಬಿಗ” ಎಂದು ಬರೆಯಿರಿ. ಎರಡು ಸೆಕೆಂಡಿನ ಕೆಲಸ. ಹೆಸರು ಆರಿಸುವಾಗ ಮೊದಲ ಅಕ್ಷರ ಬೇರೆ ಬೇರೆ ಇರಲಿ, ಕೊನೆಯೂ ಬೇರೆ ಇರಲಿ. ರಾಮಪ್ಪ, ರಂಗಪ್ಪ, ರಾಚಪ್ಪ ಮೂವರೂ ಒಂದೇ ಊರಿನಲ್ಲಿದ್ದರೆ ಆಟಗಾರರು ಮೂವರನ್ನೂ ಕಲಸಿಬಿಡುತ್ತಾರೆ. ರಾಚಪ್ಪ, ಗುರುಶಾಂತ, ಕೆಂಪಮ್ಮ, ಈರಣ್ಣ ಎಂದರೆ ಕಿವಿಗೆ ಬೇರೆ ಬೇರೆಯಾಗಿ ಕೇಳುತ್ತದೆ.

ಆಟ ನಡೆಯುವಾಗ ಬರೆಯುವುದು ಬೇರೆಯೇ ಕಲೆ. ಸಾಲಿಗೆ ಐದಾರು ಪದ ದಾಟಬಾರದು. ಆಟಗಾರರು ತಮ್ಮತಮ್ಮಲ್ಲಿ ಚರ್ಚೆ ಮಾಡುವಾಗ, ದಾಳದ ಲೆಕ್ಕ ಕೂಡುವಾಗ ಬರೆಯಿರಿ. ನಿಮ್ಮ ಮುಖ ನೋಡಿ ಮಾತಾಡುವಾಗ ತಲೆ ತಗ್ಗಿಸಿ ಬರೆದರೆ ಆಡುವವರ ಉತ್ಸಾಹ ಅಲ್ಲೇ ಇಳಿಯುತ್ತದೆ. ಸಾಲಿನ ಎಡಕ್ಕೆ ಒಂದಕ್ಷರದ ಗುರುತು ಹಾಕಿಕೊಂಡರೆ ಆಮೇಲೆ ಹುಡುಕುವುದು ಸುಲಭ. ಹೊಸ ಹೆಸರಿಗೆ “ಹೆ”, ಯಾರಾದರೂ ಕೊಟ್ಟ ಮಾತಿಗೆ “ಮಾ”, ಸಾಲ ಅಥವಾ ಋಣಕ್ಕೆ “ಸಾ”, ನಿಯಮ ಗೊತ್ತಿಲ್ಲದೆ ಆ ಕ್ಷಣಕ್ಕೆ ಕೊಟ್ಟ ತೀರ್ಪಿಗೆ “ತೀ”. ಈ ನಾಲ್ಕನ್ನು ಬಿಟ್ಟು ಬೇರೇನನ್ನೂ ಆಟದ ನಡುವೆ ಬರೆಯುವ ಅಗತ್ಯ ಬೀಳುವುದು ಅಪರೂಪ. ಯುದ್ಧದಲ್ಲಿ ಯಾರು ಯಾರಿಗೆ ಹೊಡೆದರು ಎಂಬ ವರ್ಣನೆ ಯಾರಿಗೂ ಬೇಡ. ಆದರೆ ಓಡಿಹೋದ ಒಬ್ಬ ಗಾಬ್ಲಿನ್ ಇದ್ದರೆ ಅವನು ಖಂಡಿತ ಬೇಕು.

ಯುದ್ಧದ ಲೆಕ್ಕಕ್ಕೆ ಬೇರೆ ಚೀಟಿ ಇರಲಿ, ಮುಗಿದ ಮೇಲೆ ಎಸೆಯಬಹುದು. ಇಡೀ ರಾಕ್ಷಸನ ವಿವರ ನಕಲು ಮಾಡುವುದು ಬೇಡ, ಪುಸ್ತಕದ ಪುಟಸಂಖ್ಯೆ ಮತ್ತು ಎರಡು ಮೂರು ಅಂಕಿ ಸಾಕು. 2023ರಲ್ಲಿ ಬಿಡುಗಡೆಯಾದ ಆ ಮುಕ್ತ ನಿಯಮಗಳ ಪ್ರಕಾರ ಗಾಬ್ಲಿನ್‌ನ ರಕ್ಷಣೆಯ ಅಂಕ 15, ಪ್ರಾಣದ ಅಂಕ 7. ದೈತ್ಯ ಓಗರ್‌ಗೆ 11 ಮತ್ತು 59. ಏಟು ಬಿದ್ದಾಗ 59ರಿಂದ ಕಳೆಯುತ್ತಾ ಇಳಿಯಬೇಡಿ, ಸೊನ್ನೆಯಿಂದ ಕೂಡುತ್ತಾ ಏರಿ. 8, 8ಕ್ಕೆ 11 ಸೇರಿ 19, 19ಕ್ಕೆ 7 ಸೇರಿ 26. ಗದ್ದಲದ ನಡುವೆ ಕೂಡುವಾಗ ತಪ್ಪುವುದಕ್ಕಿಂತ ಕಳೆಯುವಾಗ ತಪ್ಪುವುದು ಹೆಚ್ಚು. ಮಂತ್ರಗಳ ಅವಧಿಗೂ ಇಂಥದೇ ಉಪಾಯವಿದೆ. ಒಂದು ಸುತ್ತು ಅಂದರೆ 6 ಸೆಕೆಂಡು, ಒಂದು ನಿಮಿಷದ ಮಂತ್ರಕ್ಕೆ ಹತ್ತು ಸುತ್ತು. ಮೂರನೇ ಸುತ್ತಿನಲ್ಲಿ ಹಾಕಿದ ಮಂತ್ರದ ಮುಂದೆ “13ಕ್ಕೆ ಮುಗಿತಾಯ” ಎಂದು ಆಗಲೇ ಬರೆದರೆ ಆಮೇಲೆ ಜಗಳವಿಲ್ಲ. ಏಕಾಗ್ರತೆ ಬೇಕಾದ ಮಂತ್ರವಾದರೆ ಹಾಕಿದವರ ಹೆಸರಿನ ಸುತ್ತ ವೃತ್ತ ಎಳೆಯಿರಿ. ಅವರಿಗೆ ಏಟು ಬಿದ್ದಾಗಲೆಲ್ಲ ಏಕಾಗ್ರತೆ ಉಳಿಯಿತೇ ಎಂದು ದಾಳ ಹಾಕಿಸಬೇಕು, ಮುಟ್ಟಬೇಕಾದ ಅಂಕ 10 ಅಥವಾ ಏಟಿನ ಅರ್ಧ, ಎರಡರಲ್ಲಿ ಯಾವುದು ಹೆಚ್ಚೋ ಅದು. ವೃತ್ತ ಎಳೆಯದಿದ್ದರೆ ಈ ನಿಯಮ ಎಲ್ಲರಿಗೂ ಮರೆತೇ ಹೋಗುತ್ತದೆ.

ಆಟಗಾರರ ಪಾತ್ರಗಳ ಅಂಕಿಗಳೂ ಒಂದು ಚೀಟಿಯಲ್ಲಿ ನಿಮ್ಮ ಬಳಿ ಇರಬೇಕು. ಮುಖ್ಯವಾಗಿ ಪ್ಯಾಸಿವ್ ಪರ್ಸೆಪ್ಷನ್, ಅಂದರೆ ಪಾತ್ರ ಸುಮ್ಮನೆ ನಡೆದು ಹೋಗುವಾಗಲೂ ಗಮನಿಸುವ ಶಕ್ತಿ. ಅದು 10ಕ್ಕೆ ಆ ಪಾತ್ರದ ಗ್ರಹಿಕೆಯ ಅಂಕ ಕೂಡಿಸಿದಷ್ಟು. “ಯಾರಿಗೆ ಎಷ್ಟಿದೆ?” ಎಂದು ಮೇಜಿನಲ್ಲಿ ಕೇಳಿದಿರೋ, ಎಲ್ಲೋ ಏನೋ ಅಡಗಿದೆ ಎಂದು ಹೇಳಿಬಿಟ್ಟ ಹಾಗೆ. ಲೆವೆಲ್ ಏರಿದಾಗಲೆಲ್ಲ ಈ ಚೀಟಿ ಬದಲಿಸಬೇಕು, ಬಹಳ ಜನ ಮರೆಯುವುದು ಇದನ್ನೇ.

ಕಾಲದ ಲೆಕ್ಕದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 1979ರ ತಮ್ಮ ಮಾರ್ಗದರ್ಶಿ ಪುಸ್ತಕದಲ್ಲಿ ಗೈಗ್ಯಾಕ್ಸ್ ಇದನ್ನು ದಪ್ಪ ದನಿಯಲ್ಲೇ ಹೇಳಿದ್ದರು: ಕಾಲದ ಲೆಕ್ಕ ಇಡದೆ ವಾರಗಟ್ಟಲೆ ಮುಂದುವರಿಯುವ ಆಟಕ್ಕೆ, ಅಂದರೆ ಕ್ಯಾಂಪೇನ್‌ಗೆ ಅರ್ಥವಿಲ್ಲ. ಇಂದು ಬಹುಪಾಲು ಜನ ಅದನ್ನು ಬಿಟ್ಟಿದ್ದಾರೆ, ಅದು ನಷ್ಟ. ನೆಲಮಾಳಿಗೆಯೊಳಗೆ ಇಳಿದಾಗ ಹತ್ತು ನಿಮಿಷಕ್ಕೊಂದರಂತೆ ಆರು ಚೌಕ ಬರೆದುಕೊಳ್ಳಿ. ಒಂದು ಕೋಣೆ ಹುಡುಕಿದರೆ ಒಂದು ಚೌಕ ತುಂಬಿ. ಆರು ತುಂಬಿದರೆ ಒಂದು ಗಂಟೆ, ಒಂದು ಪಂಜು ಆರಿತು. ಇಷ್ಟು ಬರೆದರೆ ಸಾಕು, ಮೂಟೆಯಲ್ಲಿ ಎಷ್ಟು ಪಂಜು ಇವೆ ಎಂದು ಆಟಗಾರರೇ ಎಣಿಸಲು ಶುರುಮಾಡುತ್ತಾರೆ, ಕತ್ತಲೆಗೆ ಬೆಲೆ ಬರುತ್ತದೆ. ನೆಲದ ಮೇಲಿನ ಪ್ರಯಾಣಕ್ಕೆ ದಿನದ ಲೆಕ್ಕ: ಸಾಧಾರಣ ನಡಿಗೆಗೆ ದಿನಕ್ಕೆ 24 ಮೈಲಿ ಎಂದು ನಿಯಮವಿದೆ, ಸುಮಾರು 39 ಕಿಲೋಮೀಟರ್.

ದಿನವನ್ನು ತಿಥಿಯಲ್ಲಿ ಬರೆಯಿರಿ ಎಂಬುದು ನಮ್ಮ ಶಿಫಾರಸು. “ಹದಿನೇಳನೇ ದಿನ” ಎಂದು ಬರೆದರೆ ಅದರಿಂದ ಬೇರೇನೂ ತಿಳಿಯುವುದಿಲ್ಲ. “ಬಹುಳ ದ್ವಾದಶಿ” ಎಂದು ಬರೆದರೆ ಚಂದ್ರ ಬೆಳಗಿನ ಜಾವಕ್ಕೆ ಹುಟ್ಟುತ್ತಾನೆ, ಅಲ್ಲಿಯವರೆಗೆ ಕತ್ತಲು, ಮೂರು ದಿನಕ್ಕೆ ಅಮಾವಾಸ್ಯೆ ಎಂಬುದೆಲ್ಲ ಒಂದೇ ಪದದಲ್ಲಿ ಬಂತು. ಕಾವಲುಗಾರನ ಕಣ್ಣು ತಪ್ಪಿಸಿ ಗೋಡೆ ಹತ್ತುವವರಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಇಲ್ಲ. ಆರು ದಿನದಲ್ಲಿ ಒಡೆಯುವ ಏರಿಗೆ ಒಂದು ವೃತ್ತ ಬರೆದು ಆರು ಪಾಲು ಮಾಡಿ, ದಿನ ಕಳೆದಂತೆ ಒಂದೊಂದು ಪಾಲಿಗೆ ಬಣ್ಣ ತುಂಬಿ, ಆಟಗಾರರಿಗೂ ಕಾಣುವಂತೆ ಮೇಜಿನ ಮೇಲಿಡಿ.

ಆಟ ಮುಗಿದ ಮೇಲೆ, ಮಾರನೇ ದಿನ ಮುಗಿಯುವುದರೊಳಗೆ, ಹದಿನೈದು ನಿಮಿಷ ಕೂರಲೇಬೇಕು. ವಾರ ಬಿಟ್ಟು ಕೂತರೆ ನಿಮ್ಮ ಐದು ಪದದ ಸಾಲುಗಳು ನಿಮಗೇ ಒಗಟಾಗುತ್ತವೆ. ಆಗ ಬರೆಯಬೇಕಾದ್ದು ಏನು ನಡೆಯಿತು ಎಂದಲ್ಲ, ಏನು ಬದಲಾಯಿತು ಎಂದು. “ಗುಡಿಯಲ್ಲಿ ಹೋರಾಡಿ ಹನುಮನನ್ನು ಬಿಡಿಸಿದರು” ಎಂಬುದು ವರದಿ. “ಹನುಮ ಕೆಂಪಮ್ಮನ ಅಟ್ಟದಲ್ಲಿ ಅಡಗಿದ್ದಾನೆ. ಪಟೇಲನಿಗೆ ಇನ್ನೂ ಗೊತ್ತಿಲ್ಲ. ಒಬ್ಬ ಗಾಬ್ಲಿನ್ ತಪ್ಪಿಸಿಕೊಂಡ” ಎಂಬುದು ಮುಂದಿನ ವಾರಕ್ಕೆ ಬಂಡವಾಳ. ವರದಿ ಬರೆಯುವ ಕೆಲಸವನ್ನು ಆಟಗಾರರಿಗೇ ಕೊಡಿ, ವಾರಕ್ಕೊಬ್ಬರಂತೆ, ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಸಾಲು ಸಾಕು. ಅವರು ಯಾವುದನ್ನು ಮುಖ್ಯವೆಂದು ಬರೆದರು, ಯಾವುದನ್ನು ಬಿಟ್ಟರು ಎಂಬುದನ್ನು ಗಮನವಿಟ್ಟು ನೋಡಿ. ಪಾತ್ರಗಳು ಕಣ್ಣಾರೆ ಕಂಡದ್ದನ್ನು ತಪ್ಪು ಬರೆದಿದ್ದರೆ ತಿದ್ದಿ, ಊಹೆ ತಪ್ಪಿದ್ದರೆ ತಿದ್ದಬೇಡಿ. ಆ ತಪ್ಪು ಊಹೆ ಅವರದು, ಅದು ಆಟದ ಭಾಗ.

ಬರೆದದ್ದನ್ನು ಇಡುವ ಬಗೆ. ಹೊಲಿಗೆ ಹಾಕಿದ ನೋಟ್‌ಬುಕ್‌ನಲ್ಲಿ ಎಲ್ಲವೂ ದಿನದ ಕ್ರಮದಲ್ಲಿ ಕೂರುತ್ತದೆ, ಆದರೆ ಹುಡುಕುವುದು ಹೆಸರಿನಿಂದ. ಹಾಗಾಗಿ ಹಾಳೆ ತೆಗೆದು ಸೇರಿಸಬಹುದಾದ ರಿಂಗ್ ಫೈಲ್, ಜನರಿಗೆ 3×5 ಇಂಚಿನ ಕಾರ್ಡು ಒಳ್ಳೆಯದು. ಕಾರ್ಡಿನ ಮುಂದೆ ಹೆಸರು, ಬಯಕೆ, ಮಾತಿನ ಧಾಟಿ, ಮುಚ್ಚಿಟ್ಟಿರುವುದು, ತಲಾ ಒಂದು ಸಾಲು. ಹಿಂದೆ ಯಾವ ಸೆಷನ್‌ನಲ್ಲಿ ಸಿಕ್ಕರು, ಹೇಗೆ ಬೀಳ್ಕೊಂಡರು. ಒಂದು ಸೆಷನ್‌ಗೆ ಏಳಕ್ಕಿಂತ ಹೆಚ್ಚು ಕಾರ್ಡು ಕೈಗೆತ್ತಿಕೊಳ್ಳಬೇಡಿ. ನೋಟ್‌ಬುಕ್ಕೇ ಬೇಕೆನ್ನುವವರು ಎಲ್ಲ ಪುಟಕ್ಕೂ ನಂಬರ್ ಹಾಕಿ ಕೊನೆಯ ಎಂಟು ಪುಟ ಅಕಾರಾದಿಗೆ ಬಿಡಲಿ. ಇಡೀ ವರ್ಣಮಾಲೆ ಬೇಡ. ಸ್ವರಗಳಿಗೆ ಒಂದು, ಕವರ್ಗ, ಚವರ್ಗಕ್ಕೆ ಒಂದೊಂದು, ಟ ಮತ್ತು ತ ವರ್ಗ ಸೇರಿ ಒಂದು, ಪವರ್ಗಕ್ಕೆ ಎರಡು, ಯ ರ ಲ ವ ಒಂದು, ಉಳಿದ ಶ ಷ ಸ ಹ ಳ ಒಂದು. ಪ, ಬ, ಮ ಅಕ್ಷರಗಳಿಂದ ಶುರುವಾಗುವ ಹೆಸರುಗಳು ನಮ್ಮಲ್ಲಿ ಜಾಸ್ತಿ, ಅದಕ್ಕೇ ಪವರ್ಗಕ್ಕೆ ಎರಡು ಪುಟ.

ಕಂಪ್ಯೂಟರಿನಲ್ಲಿ, ಒಬ್ಸಿಡಿಯನ್‌ನಂಥ ನೋಟ್ಸ್ ತಂತ್ರಾಂಶದಲ್ಲಿ ಬರೆಯುವವರಿಗೆ ಕನ್ನಡದ್ದೇ ಆದ ಒಂದು ತೊಡಕಿದೆ. ಹುಡುಕು ಎಂದರೆ ಸಿಗುವುದಿಲ್ಲ. ಕಾರಣ, ಒಂದೇ ಪದ ಕಣ್ಣಿಗೆ ಒಂದೇ ಥರ ಕಂಡರೂ ಒಳಗೆ ಬೇರೆ ಇರಬಹುದು. ಒತ್ತಕ್ಷರ ಆಗದಂತೆ ತಡೆಯಲು, ಅರ್ಕಾವೊತ್ತನ್ನು ಬೇರೆ ರೂಪದಲ್ಲಿ ಬರೆಯಲು ಕೀಲಿಮಣೆ ನಡುವೆ ಕಾಣದ ಅಕ್ಷರ ಸೇರಿಸುತ್ತದೆ. ಫೋನಿನಲ್ಲಿ ಬರೆದದ್ದರಲ್ಲಿ ಅದಿದ್ದು, ಹುಡುಕುವಾಗ ಹೊಡೆದದ್ದರಲ್ಲಿ ಇಲ್ಲದಿದ್ದರೆ ಎರಡೂ ಹೊಂದುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದದ್ದಂತೂ ಯೂನಿಕೋಡ್‌ಗೆ ಬದಲಿಸುವವರೆಗೆ ಸಿಗುವುದೇ ಇಲ್ಲ. ಪರಿಹಾರ ಸರಳ: ಪ್ರತಿ ವ್ಯಕ್ತಿಗೆ ಒಂದು ಕಡತ, ತಲೆಯ ಮೇಲೆ ಹೆಸರು ಕನ್ನಡದಲ್ಲಿ, ಅದರ ಕೆಳಗೆ ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸ್ಪೆಲಿಂಗಿನಲ್ಲಿ. ಶಾನುಭೋಗ, ಶ್ಯಾನುಭೋಗ ಎಂದು ಎರಡು ಥರ ಬರೆಯದೆ ಒಂದಕ್ಕೆ ಕಟ್ಟುಬೀಳಿ. ಆಟಗಾರರಿಗೆ ತೋರಿಸುವ ಫೋಲ್ಡರಿನ ಒಳಗೆ ಗುಟ್ಟಿನ ಫೋಲ್ಡರ್ ಇಡಬೇಡಿ. ಮೇಲಿನದನ್ನು ಹಂಚಿದರೆ ಒಳಗಿನದೂ ಜೊತೆಗೇ ಹೋಗುತ್ತದೆ.

ಮೊದಲ ಪುಟದಲ್ಲಿ ಒಂದು ವಿಷಯಕ್ಕೆ ಜಾಗ ಬಿಡಲೇಬೇಕು. ಆಟ ಶುರುವಾಗುವ ಮೊದಲು ಎಲ್ಲರನ್ನೂ ಕೇಳಿ, ಈ ಮೇಜಿನಲ್ಲಿ ಯಾವ ವಿಷಯ ಬರಲೇಬಾರದು, ಯಾವುದು ಬಂದರೂ ವಿವರಿಸಬಾರದು ಎಂದು ಪಟ್ಟಿ ಮಾಡಿ. ವಿಷಯ ಮಾತ್ರ ಬರೆಯಿರಿ, ಹೇಳಿದವರ ಹೆಸರು ಬೇಡ. ಪ್ರತಿ ವಾರದ ಹಾಳೆ ಬರೆದು ಮುಗಿಸಿದ ಮೇಲೆ ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ.

ರಜೆ ಮುಗಿದು ತರಗತಿಗಳು ಶುರುವಾದರೆ ಆಟ ನಾಲ್ಕೈದು ತಿಂಗಳು ನಿಲ್ಲುವುದು ಸಹಜ. ನಿಲ್ಲಿಸುವ ದಿನವೇ, ಎಲ್ಲರೂ ಏಳುವ ಮೊದಲು, ಒಂದು ಹಾಳೆ ಬರೆಯಿರಿ: ಪ್ರತಿ ಪಾತ್ರ ಎಲ್ಲಿ ನಿಂತಿದೆ, ಕೈಯಲ್ಲಿ ಏನು ಹಿಡಿದಿದೆ, ಎಷ್ಟು ಪ್ರಾಣ ಉಳಿದಿದೆ, ಎಷ್ಟು ಮಂತ್ರ ಬಾಕಿಯಿದೆ, ತಿಥಿ ಯಾವುದು. ಕೊನೆಯಲ್ಲಿ ಮುಂದಿನ ಬಾರಿ ನೀವು ಬಾಯಿ ತೆರೆದ ಕೂಡಲೇ ಹೇಳಬೇಕಾದ ಒಂದು ವಾಕ್ಯ. ಆಟಗಾರರ ಕ್ಯಾರೆಕ್ಟರ್ ಶೀಟುಗಳ, ಅಂದರೆ ಪಾತ್ರದ ಅಂಕಿಗಳಿರುವ ಹಾಳೆಗಳ, ಫೋಟೊ ತೆಗೆದುಕೊಂಡು, ಶೀಟುಗಳನ್ನೂ ಈ ಹಾಳೆಯನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಗೇಮ್ ಮಾಸ್ಟರ್ ಮನೆಯಲ್ಲೇ ಇಟ್ಟುಕೊಳ್ಳಲಿ.

ಇತಿ,
ಮೇಜಿನ ಆಟ ನಡೆಸುವ ಓದುಗರು
ಬೆಂಗಳೂರು